ಸರ್ವಸಿದ್ಧಿ ಆಚಾರಿಯ ರೆಸ್ಯೂಮೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಬಯೋಡೇಟಾ ಅಂದರೆ ಜನರಿಗೆ ಮೊದಲು ನೆನಪಾಗೋದು ಮದುವೆ. ಹುಡುಗನ ಬಯೋಡೇಟಾ ಕಳಸ್ರಿ, ಹುಡುಗಿ ಬಯೋಡೇಟಾ ಬಂತೇನ್ರಿ, ಹೀಗೆ. ನೌಕರಿಗೆ ಹಾಕೋದು ಅರ್ಜಿ. ಈ "ರೆಸ್ಯೂಮೆ" ಅನ್ನೋ ಶಬ್ದ ನಮ್ಮ ಊರುಗಳಿಗೆ ಬಂದದ್ದು ತೀರಾ ಈಚೆಗೆ, ಸಾಫ್ಟ್‌ವೇರ್ ನೌಕರಿಗಳ ಬೆನ್ನು ಹತ್ತಿ. ಅದನ್ನು ರೆಸ್ಯೂಮ್ ಅನ್ನಬೇಕೋ ರೆಸ್ಯೂಮೆ ಅನ್ನಬೇಕೋ ಅನ್ನೋದೇ ಇನ್ನೂ ಬಗೆಹರಿದಿಲ್ಲ. ಫ್ರೆಂಚಿನಲ್ಲಿ ಅದರ ಅರ್ಥ ಬರೀ "ಸಾರಾಂಶ". ಸಿ.ವಿ. ಅನ್ನೋದು ಲ್ಯಾಟಿನ್, "ಬದುಕಿನ ಓಟ" ಅಂತ ಅರ್ಥ.

ಪ್ರತಿ ವರ್ಷ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತಿದ್ದಂತೆ ನನ್ನ ಫೋನಿಗೆ ಊರ ಕಡೆಯ ಹುಡುಗ ಹುಡುಗಿಯರ ರೆಸ್ಯೂಮೆಗಳು ಬರತೊಡಗುತ್ತವೆ. "ಅಣ್ಣಾ, ಒಂದ್ಸಲ ನೋಡ್ರಿ, ಏನರ ಬದಲ ಮಾಡೋದಿದ್ರ ಹೇಳ್ರಿ". ನೋಡುತ್ತೇನೆ. ಹತ್ತು ರೆಸ್ಯೂಮೆ ಬಂದರೆ ಹತ್ತರ ಮೊದಲ ಸಾಲೂ ಒಂದೇ. ಸವಾಲುಗಳಿರುವ ಸಂಸ್ಥೆಯಲ್ಲಿ ದುಡಿದು ಸಂಸ್ಥೆಯ ಜೊತೆ ತಾನೂ ಬೆಳೆಯಬೇಕೆಂಬ ಹಂಬಲ. ಕೊನೆಯ ಸಾಲೂ ಒಂದೇ. ಮೇಲೆ ಬರೆದದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಎಂಬ ಪ್ರಮಾಣ. ನಡುವೆ ಹುಡುಗ ಎಲ್ಲಿದ್ದಾನೆ ಅಂತ ಹುಡುಕಬೇಕು. ಹೀಗೆ ಹುಡುಕುತ್ತಾ ಹುಡುಕುತ್ತಾ ನನಗೊಂದು ಪ್ರಶ್ನೆ ಹುಟ್ಟಿತು. ಈ ಕಾಗದ ನಮ್ಮ ಕಡೆಗೆ ಬಂದದ್ದು ಹೇಗೆ? ಇದಕ್ಕೂ ಮುಂಚೆ ಒಬ್ಬ ಎಂಜಿನಿಯರು ತಾನು ಯಾರು ಅಂತ ಹೇಗೆ ಹೇಳಿಕೊಳ್ಳುತ್ತಿದ್ದ?

ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ರೋಣದಿಂದ ಬದಾಮಿ ದಾಟಿದರೆ ಪಟ್ಟದಕಲ್ಲು. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಚಾಲುಕ್ಯರ ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಎಂಟನೇ ಶತಮಾನದಲ್ಲಿ, ಗಂಡ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ. ಅದರ ಪೂರ್ವದ ಮಹಾದ್ವಾರದಲ್ಲಿ ಹಳಗನ್ನಡದ ಶಾಸನಗಳಿವೆ. ನಾವು ಸಾಮಾನ್ಯವಾಗಿ ಅಲ್ಲಿ ರಾಜನ ಹೆಸರು ಹುಡುಕುತ್ತೇವೆ. ಆದರೆ ಅಲ್ಲಿ ಕಟ್ಟಿದವರ ಹೆಸರೂ ಇವೆ. ಒಬ್ಬ ಗುಂಡ, ಅನಿವಾರಿತಾಚಾರಿ ಎಂಬ ಹೆಸರಿನವನು. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಮತ್ತು ಪಟ್ಟ ಕೊಟ್ಟ ವಿಷಯ ಕಲ್ಲಿನಲ್ಲಿದೆ. ಇನ್ನೊಬ್ಬ ಸರ್ವಸಿದ್ಧಿ ಆಚಾರಿ.

ಈ ಸರ್ವಸಿದ್ಧಿ ಆಚಾರಿಯ ಶಾಸನವನ್ನು ಎಂಜಿನಿಯರ್ ಕಣ್ಣಿನಿಂದ ಓದಿದರೆ ಮೈ ಜುಮ್ ಅನ್ನುತ್ತದೆ. ಅವನು "ತೆಂಕಣ ದಿಶೆಯ ಸೂತ್ರಧಾರಿ", ಅಂದರೆ ದಕ್ಷಿಣ ದಿಕ್ಕಿನ ಮುಖ್ಯ ಶಿಲ್ಪಿ. ಅದು ಹುದ್ದೆ. ಅನೇಕ ಪುರಗಳ ವಾಸ್ತುವಿಗೆ ಪಿತಾಮಹ. ಅದು ಅನುಭವ. ವಾಸ್ತು, ಪ್ರಾಸಾದ, ವಾಹನ, ಆಸನ, ಶಯನ, ಮಣಿಮಕುಟ ಇವುಗಳಲ್ಲೆಲ್ಲ ನಿಪುಣ. ಅದು ಕೌಶಲಗಳ ಪಟ್ಟಿ! ಮನೆ ಕಟ್ಟುವುದರಿಂದ ಹಿಡಿದು ಮಂಚ, ಕಿರೀಟದವರೆಗೆ. ಸಿವಿಲ್, ಮೆಕ್ಯಾನಿಕಲ್, ಪ್ರಾಡಕ್ಟ್ ಡಿಸೈನ್ ಎಲ್ಲ ಒಬ್ಬನೇ. ಹೊಗಳಿಕೆ ಸ್ವಲ್ಪ ಜಾಸ್ತಿಯಾಯಿತು ಅನ್ನಬಹುದು. ಆದರೆ ಒಂದು ಮಾತು ನೆನಪಿಡಿ: ಅವನ ರೆಸ್ಯೂಮೆ ಕೆತ್ತಿರುವುದು ಅವನ ಕೆಲಸದ ಮೇಲೆಯೇ. ನಂಬಿಕೆ ಬರದಿದ್ದರೆ ತಲೆ ಎತ್ತಿ ನೋಡಿದರಾಯಿತು. ಸುಮಾರು ಸಾವಿರದ ಮುನ್ನೂರು ವರ್ಷ ಆಯಿತು, ಗುಡಿ ನಿಂತಿದೆ. ಇದಕ್ಕಿಂತ ದೊಡ್ಡ ರೆಫರೆನ್ಸ್ ಯಾರು ಕೊಡ್ತಾರೆ?

ಬಿರುದುಗಳಲ್ಲಿ ತಮ್ಮನ್ನು ಹೇಳಿಕೊಳ್ಳುವ ಈ ಪದ್ಧತಿ ಮುಂದೂ ನಡೆಯಿತು. ಗಜೇಂದ್ರಗಡದ ಹತ್ತಿರದ ಸೂಡಿಯಿಂದ ಹನ್ನೊಂದನೇ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಗೆ "ಗುಣದ ಬೆಡಂಗಿ" ಎಂಬ ಬಿರುದಿತ್ತು. ಮುಂದೆ ಹನ್ನೆರಡನೇ ಶತಮಾನದ ಬೇಲೂರಿಗೆ ಬಂದರೆ ವಿಗ್ರಹಗಳ ಕೆಳಗೆ ಶಿಲ್ಪಿಗಳ ಸಹಿ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಊರ ಹೆಸರು, ಅಪ್ಪನ ಹೆಸರು, ತನ್ನ ಹೆಸರು, ಬಿರುದು. ನಮ್ಮ ಹುಡುಗರ ರೆಸ್ಯೂಮೆಯಲ್ಲಿ ಇವತ್ತಿಗೂ ಕೊನೆಗೆ "ತಂದೆಯ ಹೆಸರು" ಅಂತ ಒಂದು ಸಾಲು ಇರುತ್ತದಲ್ಲ, ಅದನ್ನು ಕಂಡಾಗೆಲ್ಲ ನನಗೆ ಚಾವಣ ನೆನಪಾಗುತ್ತಾನೆ. ಆ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಅಪ್ಪನೇ ಕಾಲೇಜು, ಅಪ್ಪನೇ ಸರ್ಟಿಫಿಕೇಟು. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಬಗ್ಗೆ ಮಾತು ಬಂದರೆ ಜನ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು ಅಂತ ಮೊದಲು ಹೇಳುತ್ತಾರಲ್ಲ, ಹಾಗೆ. ಯಾರ ಕೈಯಲ್ಲಿ ಕಲಿತೆ ಅನ್ನೋದೇ ಅರ್ಹತೆ.

ಈಗ ಒಂದಿಷ್ಟು ಹೊರಗೆ ಹೋಗಿ ಬರೋಣ. ಜಗತ್ತಿನ ಮೊದಲ ರೆಸ್ಯೂಮೆ ಅಂತ ಎಲ್ಲರೂ ತೋರಿಸುವುದು ಲಿಯೊನಾರ್ಡೊ ಡ ವಿಂಚಿಯ ಒಂದು ಪತ್ರವನ್ನು. ಸುಮಾರು 1482ರಲ್ಲಿ, ಮೂವತ್ತರ ಆಸುಪಾಸಿನಲ್ಲಿದ್ದಾಗ, ಮಿಲಾನಿನ ಲುಡೊವಿಕೊ ಸ್ಫೋರ್ಜಾನ ಬಳಿ ಕೆಲಸ ಕೇಳಿ ಬರೆದದ್ದು. ಅದರ ಕರಡು ಇವತ್ತಿಗೂ ಉಳಿದಿದೆ. ಸೋಜಿಗ ಅಂದರೆ ಅದು ಚಿತ್ರಕಾರನ ಅರ್ಜಿಯೇ ಅಲ್ಲ, ಪಕ್ಕಾ ಎಂಜಿನಿಯರನ ಅರ್ಜಿ. ಅಂಕಿ ಹಾಕಿ ಒಂದೊಂದೇ ಹೇಳುತ್ತಾನೆ: ಹೊತ್ತೊಯ್ಯಬಹುದಾದ ಹಗುರ ಸೇತುವೆ ಕಟ್ಟಬಲ್ಲೆ, ಕಂದಕದ ನೀರು ಬಸಿಯಬಲ್ಲೆ, ತೋಪು ಮಾಡಬಲ್ಲೆ, ಸದ್ದಿಲ್ಲದೆ ಸುರಂಗ ತೋಡಬಲ್ಲೆ, ಮುಚ್ಚಿದ ರಥ ಮಾಡಬಲ್ಲೆ. ಶಾಂತಿಯ ಕಾಲದಲ್ಲಿ ಕಟ್ಟಡ ಕಟ್ಟುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನೀರು ಹರಿಸುವುದು. ಚಿತ್ರ ಬರೆಯುವ ವಿಷಯ ಕೊನೆಗೆ ಬರುತ್ತದೆ. ಅನುಮಾನವಿದ್ದರೆ ನಿಮ್ಮ ಎದುರೇ ಮಾಡಿ ತೋರಿಸುತ್ತೇನೆ ಅಂತಲೂ ಸೇರಿಸುತ್ತಾನೆ. ಮಿಲಾನಿಗೆ ಆಗ ಯುದ್ಧದ ಚಿಂತೆ. ಅವನಿಗೆ ಅದು ಗೊತ್ತಿತ್ತು. ತನಗೆ ಏನು ಇಷ್ಟ ಅನ್ನೋದನ್ನಲ್ಲ, ಎದುರಿನವನಿಗೆ ಏನು ಬೇಕು ಅನ್ನೋದನ್ನು ಮೇಲೆ ಇಟ್ಟ.

ಸರ್ವಸಿದ್ಧಿ ಆಚಾರಿ "ಮಾಡಿದ್ದೇನೆ" ಅನ್ನುತ್ತಾನೆ, ಲಿಯೊನಾರ್ಡೊ "ಮಾಡಬಲ್ಲೆ" ಅನ್ನುತ್ತಾನೆ. ಒಬ್ಬನದು ಕೆಲಸ ಮುಗಿದ ಮೇಲೆ ಕೆತ್ತಿದ್ದು, ಇನ್ನೊಬ್ಬನದು ಕೆಲಸ ಸಿಗುವ ಮುಂಚೆ ಬರೆದದ್ದು. ನನ್ನ ಕೇಳಿದರೆ ಒಳ್ಳೆ ರೆಸ್ಯೂಮೆ ಇವೆರಡರ ನಡುವೆ ಎಲ್ಲೋ ಇದೆ.

ಮತ್ತೆ ನಮ್ಮ ಊರುಗಳಿಗೆ ಬರೋಣ. ಹತ್ತೊಂಬತ್ತನೇ ಶತಮಾನದವರೆಗೂ ಇಲ್ಲಿ ನೌಕರಿಗೆ ಕಾಗದವೇ ಬೇಕಿರಲಿಲ್ಲ. ಯಾಕೆಂದರೆ ನೌಕರಿ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಗೌಡಕಿ, ಕುಲಕರ್ಣಿಕಿ, ದೇಸಗತಿ ಎಲ್ಲ ವತನ. ಬಡಿಗ, ಕಮ್ಮಾರರಿಗೂ ಆಯ. ವತನ ಇದ್ದವನಿಗೆ ರೆಸ್ಯೂಮೆ ಯಾಕೆ? ವತನ ಇಲ್ಲದವನಿಗೆ ರೆಸ್ಯೂಮೆ ಇದ್ದು ತಾನೇ ಏನು ಪ್ರಯೋಜನ? ನರಗುಂದದ ಅರಸು ಭಾಸ್ಕರರಾವ್ ಭಾವೆ, ನಮ್ಮ ಜನರ ಬಾಯಲ್ಲಿ ಬಾಬಾಸಾಹೇಬ, ದತ್ತು ತೆಗೆದುಕೊಳ್ಳಲು ಅನುಮತಿ ಕೊಡಿ ಅಂತ ಕಂಪನಿ ಸರ್ಕಾರಕ್ಕೆ ಕೇಳಿಕೊಂಡ. ಸರ್ಕಾರ ಒಪ್ಪಲಿಲ್ಲ. 1858ರ ನರಗುಂದದ ಬಂಡಾಯಕ್ಕೆ ಅದೂ ಒಂದು ದೊಡ್ಡ ಕಾರಣ. ಮೇ ತಿಂಗಳಲ್ಲಿ ಸುರೇಬಾನದಲ್ಲಿ ಮ್ಯಾನ್ಸನ್ ಹತನಾದ, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ವಂಶದಿಂದ ಬರುತ್ತಿದ್ದ ಅಧಿಕಾರ ನರಗುಂದದಲ್ಲಿ ಹೀಗೆ ಮುಗಿಯಿತು. ಮುಂದಿನದೆಲ್ಲ ಕಚೇರಿ ಮತ್ತು ಅರ್ಜಿಯ ಕಾಲ.

ಆ ಕಾಲ ನಮಗೆ ಒಂದು ಚಂದದ ಶಬ್ದ ಕೊಟ್ಟಿದೆ: ಉಮೇದುವಾರ. ಫಾರ್ಸಿಯಲ್ಲಿ ಉಮೇದು ಅಂದರೆ ಆಸೆ. ಇವತ್ತು ಚುನಾವಣೆಗೆ ನಿಂತವನಿಗೆ ಮಾತ್ರ ಹಾಗನ್ನುತ್ತೇವೆ. ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಉಮೇದುವಾರ ಅಂದರೆ ಮುಂದೊಂದು ದಿನ ನೌಕರಿ ಸಿಕ್ಕೀತು ಅನ್ನೋ ಆಸೆಯಲ್ಲಿ ಪಗಾರಿಲ್ಲದೆ ಕಾಗದ ನಕಲು ಮಾಡುತ್ತಾ ಕೂತ ಹುಡುಗ. ಇವತ್ತಿನ ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ಹೊಸದೇನಲ್ಲ ಅಂದ ಹಾಗಾಯ್ತು :) ಉಮೇದುವಾರನ ಬಂಡವಾಳ ಎರಡೇ. ಒಂದು ದುಂಡಗಿನ ಅಕ್ಷರ, ಇನ್ನೊಂದು ದೊಡ್ಡವರ ಚೀಟಿ. ನಮ್ಮ ಕಡೆಯ "ವಶೀಲಿ" ಅನ್ನೋ ಶಬ್ದಕ್ಕೆ ಬಲ ಬಂದದ್ದು ಇಂಥ ಕಡೆಯೇ.

ಎಂಜಿನಿಯರುಗಳ ಮಟ್ಟಿಗೆ ಮಾತ್ರ ಒಂದು ಬೇರೆ ದಾರಿ ತೆರೆದಿತ್ತು, ಪರೀಕ್ಷೆ. ರೋಣ, ನರಗುಂದ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಪ್ರಾಂತ್ಯದಲ್ಲಿ ಎಂಜಿನಿಯರಿಂಗ್ ಕಲಿಯಲು ಪುಣೆಗೆ ಹೋಗಬೇಕಿತ್ತು. ವಿಶ್ವೇಶ್ವರಯ್ಯನವರು ಹೋದದ್ದೂ ಅಲ್ಲಿಗೇ. 1883ರ ಪರೀಕ್ಷೆಯಲ್ಲಿ ಮೊದಲಿಗರಾದರು, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆದರು. ಅವರ ರೆಸ್ಯೂಮೆ ಒಂದೇ ಸಾಲು: ಮೊದಲ ರ‍್ಯಾಂಕ್. ಇಪ್ಪತ್ತೈದು ವರ್ಷದ ನಂತರ, 1909ರಲ್ಲಿ, ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆಗೆ ಕರೆ ಬಂದಾಗ ಕೇಳಿದವರು ಮೈಸೂರಿನವರು. ಉದ್ಯಮ, ತಾಂತ್ರಿಕ ಶಿಕ್ಷಣದ ಬಗ್ಗೆ ಕೆಲಸ ಮಾಡಲು ಅವಕಾಶ ಇರುತ್ತದೋ ಅಂತ ವಿಚಾರಿಸಿ ಒಪ್ಪಿದವರು ಇವರು. ಅಷ್ಟರಲ್ಲಿ ಅವರ ಕೆಲಸವೇ ಮಾತಾಡುತ್ತಿತ್ತು.

ನಮ್ಮ ಭಾಗಕ್ಕೆ ಎಂಜಿನಿಯರಿಂಗ್ ಕಾಲೇಜು ಬಂದದ್ದು 1947ರಲ್ಲಿ, ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜಿನ ರೂಪದಲ್ಲಿ. ಅದು ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಬಾಗಲಕೋಟೆಯ ಬಸವೇಶ್ವರ ಕಾಲೇಜು 1963ರಲ್ಲಿ, ಧಾರವಾಡದ ಎಸ್‌ಡಿಎಂ 1979ರಲ್ಲಿ, ಗದಗಿನ ತೋಂಟದಾರ್ಯ ಕಾಲೇಜು 1997ರಲ್ಲಿ. ಗದಗ ಜಿಲ್ಲೆ ಆದದ್ದೂ ಅದೇ 1997ರಲ್ಲಿ. ಅದಕ್ಕೂ ಮುಂಚೆ ಇನ್ನೊಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿತ್ತು. 1950ರಲ್ಲಿ ಮುಂಬಯಿ ಸರ್ಕಾರ ಪರಗಣ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು, ಉಳಿದ ಹಳ್ಳಿ ವತನಗಳು ನಮ್ಮ ರಾಜ್ಯದ 1961ರ ಕಾಯ್ದೆಯಿಂದ ಹೋದವು. ಹುಟ್ಟಿನಿಂದ ಬರುವ ನೌಕರಿ ಕಾನೂನಿನ ಪ್ರಕಾರ ಮುಗಿದು, ಎಲ್ಲರೂ ಅರ್ಜಿ ಹಾಕಬಹುದಾದ ಕಾಲ ಬಂತು. ರೆಸ್ಯೂಮೆ ಅನ್ನೋದು ಬರೀ ಕಂಪನಿಯವರ ಕಾಟ ಅಂತ ಬೈಯುವ ಮುಂಚೆ ಇದನ್ನು ನೆನೆಯಬೇಕು. ವಂಶದ ಬದಲು ಕಾಗದ ಕೇಳುವುದು ನಮ್ಮಂಥವರಿಗೆ ಬಾಗಿಲು ತೆರೆದ ಸಂಗತಿ.

ಆ ಬಾಗಿಲು ಎಲ್ಲರಿಗೂ ಒಂದೇ ಅಗಲ ಇರಲಿಲ್ಲ ಅನ್ನೋದಕ್ಕೂ ನಮ್ಮ ಕಡೆಯದೇ ಉದಾಹರಣೆ ಇದೆ. ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ಇದೇ ಬಿವಿಬಿಯಲ್ಲಿ ಓದಿದ ಸುಧಾ ಮೂರ್ತಿ 1974ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದರು. ಟೆಲ್ಕೋ ಕಂಪನಿಯ ನೌಕರಿ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಅಂತ ಇತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದು ಇದು ಸರಿಯೇ ಅಂತ ಕೇಳಿದರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು, ನೌಕರಿಯೂ ಸಿಕ್ಕಿತು. ಈ ಕತೆಯನ್ನು ನೀವೆಲ್ಲ ಓದಿದ್ದೀರಿ. ನಾನು ಬೇರೆ ಕಾರಣಕ್ಕೆ ಹೇಳುತ್ತಿದ್ದೇನೆ. ಒಂದು ಪೋಸ್ಟ್‌ಕಾರ್ಡಿನಲ್ಲಿ ಎಷ್ಟು ಜಾಗ ಇರುತ್ತದೆ? ಹೇಳಬೇಕಾದ ವಿಷಯ ಒಂದೇ ಆಗಿದ್ದರೆ, ಅದು ನಿಜವಾಗಿದ್ದರೆ, ಅಷ್ಟು ಜಾಗ ಸಾಕು. ನಮ್ಮ ಹುಡುಗರು ಅನುಭವ ಇಲ್ಲದೆಯೂ ನಾಲ್ಕು ಪುಟ ತುಂಬಿಸುತ್ತಾರೆ.

ಎಪ್ಪತ್ತು ಎಂಬತ್ತರ ದಶಕದ ಅರ್ಜಿಯ ರೂಪ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ. ಫುಲ್‌ಸ್ಕೇಪ್ ಹಾಳೆ, ಎಡಕ್ಕೆ ಅಂಚು ಬಿಟ್ಟು ಕೈಬರಹ ಇಲ್ಲವೇ ತಾಲೂಕು ಕಚೇರಿ ಮುಂದಿನ ಟೈಪಿಸ್ಟನ ಟೈಪು. ಜೊತೆಗೆ ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ. ಮಾರ್ಕ್ಸ್ ಕಾರ್ಡಿನ ನಕಲಿಗೆ ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ಸಹಿ. ಹಳ್ಳಿಯ ಹುಡುಗನಿಗೆ ಗೆಜೆಟೆಡ್ ಅಧಿಕಾರಿ ಎಲ್ಲಿ ಸಿಗಬೇಕು? ದನದ ಡಾಕ್ಟರನ್ನೋ ಕಾಲೇಜಿನ ಪ್ರಿನ್ಸಿಪಾಲರನ್ನೋ ಹುಡುಕಿಕೊಂಡು ಹೋಗಬೇಕು. ನಿನ್ನ ಮಾತನ್ನು ನಂಬಬೇಕಾದರೆ ಇನ್ನೊಬ್ಬ ಸಹಿ ಹಾಕಬೇಕು ಅನ್ನೋ ಆ ಪದ್ಧತಿ 2014ರ ಸುಮಾರಿಗೆ ಸ್ವಯಂ ದೃಢೀಕರಣ ಬರುವವರೆಗೂ ಗಟ್ಟಿಯಾಗಿಯೇ ಇತ್ತು. ನಮ್ಮ ರೆಸ್ಯೂಮೆಗಳ ಕೊನೆಯಲ್ಲಿ ಬರುವ ಪ್ರಮಾಣ, ಸ್ಥಳ, ದಿನಾಂಕ, ಸಹಿ ಎಲ್ಲ ಆ ಸರ್ಕಾರಿ ಅರ್ಜಿಯ ಪಳೆಯುಳಿಕೆ ಅನ್ನೋದು ನನ್ನ ಊಹೆ. ಅಪ್ಪನ ಹೆಸರು ವತನದ ಕಾಲದ್ದು, ಪ್ರಮಾಣ ಕಚೇರಿಯ ಕಾಲದ್ದು, ಮೇಲಿನ ಹಂಬಲದ ಸಾಲು ಡಿಟಿಪಿ ಸೆಂಟರಿನದ್ದು. ಒಂದೇ ಹಾಳೆಯಲ್ಲಿ ಮೂರು ಕಾಲ!

ಡಿಟಿಪಿ ಸೆಂಟರ್ ಅಂದೆನಲ್ಲ, ಅಸಲಿ ತೊಂದರೆ ಶುರುವಾದದ್ದು ಅಲ್ಲಿ. 1997ರಲ್ಲಿ ನೌಕರಿ ಡಾಟ್ ಕಾಮ್ ಬಂತು, 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಬಂತು, ಸಾವಿರಾರು ಹುಡುಗರು ಒಂದೇ ಸಿಲಬಸ್ಸಿನಲ್ಲಿ ಪಾಸಾಗತೊಡಗಿದರು. ಅಂಗಡಿಯವನ ಹತ್ತಿರ ಒಂದು ಫೈಲು ಇರುತ್ತಿತ್ತು. ಹೆಸರು, ಮಾರ್ಕ್ಸು ಬದಲಿಸಿ ಪ್ರಿಂಟ್ ಕೊಡುತ್ತಿದ್ದ. ಕೈಬರಹದ ಅರ್ಜಿಯಲ್ಲಿ ಅಕ್ಷರವಾದರೂ ಹುಡುಗನದ್ದಾಗಿತ್ತು. ಈಗ ಅದೂ ಹೋಯಿತು. ಇವತ್ತು ಎಐ ಬರೆದುಕೊಡುತ್ತದೆ. ಇಂಗ್ಲಿಷು ಚೊಕ್ಕ, ಹುಡುಗ ಮಾತ್ರ ಅಲ್ಲೂ ಇಲ್ಲ. ಆ ಕಡೆ ಕಂಪನಿಗಳಲ್ಲೂ ಮೊದಲು ಸೋಸುವುದು ಸಾಫ್ಟ್‌ವೇರೇ. ಜಾಹೀರಾತಿನಲ್ಲಿರುವ ಶಬ್ದ ರೆಸ್ಯೂಮೆಯಲ್ಲಿದೆಯೇ ಅಂತ ನೋಡುತ್ತದೆ. ಹಾಗಾಗಿ ಅಂದದ ಬಾಕ್ಸು, ಫೋಟೊ, ಬಣ್ಣದ ಪಟ್ಟಿ ಬೇಡ. ಸರಳ ಪಿಡಿಎಫ್ ಸಾಕು. ಸಾಫ್ಟ್‌ವೇರ್ ದಾಟಿದ ಮೇಲೆ ಮನುಷ್ಯನ ಕಣ್ಣು ಮೊದಲ ಅರ್ಧ ಪುಟದ ಮೇಲೆ ಕೆಲವೇ ಕ್ಷಣ ನಿಲ್ಲುತ್ತದೆ. ಅಲ್ಲಿ ಹಂಬಲದ ಸಾಲು ಇಟ್ಟರೆ ಗುಡಿಯ ಮಹಾದ್ವಾರದಲ್ಲಿ ಖಾಲಿ ಕಲ್ಲು ನಿಲ್ಲಿಸಿದಂತೆ.

ಗಜೇಂದ್ರಗಡ ಕಡೆಯ ಒಬ್ಬ ಎಲೆಕ್ಟ್ರಿಕಲ್ ಹುಡುಗನ ರೆಸ್ಯೂಮೆ ನೋಡುತ್ತಿದ್ದೆ. ಎಲ್ಲರದ್ದರಂತೆಯೇ ಇತ್ತು. ಫೋನಿನಲ್ಲಿ ಮಾತಾಡುತ್ತಾ ರಜೆಯಲ್ಲಿ ಏನು ಮಾಡ್ತಿಯಪಾ ಅಂದೆ. "ಏನಿಲ್ರಿ ಅಣ್ಣ, ಮಾಮಾನ ಅಂಗಡ್ಯಾಗ ಮೋಟಾರ್ ರಿವೈಂಡಿಂಗ್ ಮಾಡ್ತೇನ್ರಿ" ಅಂದ. ಎಷ್ಟು ಮೋಟಾರು? "ಬ್ಯಾಸಗ್ಯಾಗ ದಿನಕ್ಕ ಎರಡು ಬರ್ತಾವ್ರಿ". ಯಾಕೆ ಸುಡುತ್ತವೆ? ಅದಕ್ಕೆ ಅವನು ಕಾಲು ಗಂಟೆ ಮಾತಾಡಿದ. ಓಲ್ಟೇಜ್ ಬೀಳೋದು, ಒಂದು ಫೇಸ್ ಹೋದಾಗ ರೈತರು ಕೆಪ್ಯಾಸಿಟರ್ ಹಾಕಿ ಓಡಿಸೋದು, ಸ್ಟಾರ್ಟರಿನ ರಿಲೇಯನ್ನೇ ಕಟ್ಟಿಬಿಡೋದು. ಇದನ್ನೆಲ್ಲ ಯಾಕೆ ಬರೆದಿಲ್ಲ ಅಂದರೆ, "ಅದೇನ್ರಿ ಅಣ್ಣ, ಅದು ಮನಿ ಕೆಲಸ, ಅದನ್ನ ಬರದ್ರ ನಗಂಗಿಲ್ಲೇನ್ರಿ" ಅಂದ.

ನನಗೆ ಸಂಕಟವಾದದ್ದು ಈ ಮಾತಿಗೆ. ಬೆಂಗಳೂರಿನ ಹುಡುಗರು ಹದಿನೈದು ದಿನದ ಆನ್‌ಲೈನ್ ಕೋರ್ಸನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ನಮ್ಮವರು ನಾಲ್ಕು ಬೇಸಿಗೆ ಕೈ ಸುಟ್ಟುಕೊಂಡು ಕಲಿತದ್ದನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ನೇಕಾರರ ಊರು ಗಜೇಂದ್ರಗಡ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಮಗ್ಗದ ಮನೆಯ ಮಗಳಿಗೆ ನೂಲಿನ ಬಿಗಿ ಎಷ್ಟಿದ್ದರೆ ಎಳೆ ತುಂಡಾಗುತ್ತದೆ ಅಂತ ಗೊತ್ತು. ನರಗುಂದದ ರೈತನ ಮಗನಿಗೆ ಎರೆಭೂಮಿ ಒಣಗಿದಾಗ ಕಾಲುವೆಯ ದಂಡೆ ಹೇಗೆ ಬಿರಿಯುತ್ತದೆ ಅಂತ ಗೊತ್ತು. ಇದು ಎಂಜಿನಿಯರಿಂಗ್ ಅಲ್ಲದೆ ಇನ್ನೇನು?

ಅದಕ್ಕೆ ನಾನು ಅವರಿಗೆ ಹೇಳುವುದು ಇಷ್ಟೇ. ಒಂದು ಪುಟ, ಹೆಚ್ಚೆಂದರೆ ಎರಡು. ಮೊದಲು ಜಾಹೀರಾತು ಓದು, ಲಿಯೊನಾರ್ಡೊನ ಹಾಗೆ ಅವರಿಗೆ ಬೇಕಾದದ್ದನ್ನು ಮೇಲೆ ಇಡು. ಪ್ರತಿ ಸಾಲಿನಲ್ಲೂ ಏನು ಮಾಡಿದೆ, ಯಾವುದರಿಂದ ಮಾಡಿದೆ, ಎಷ್ಟು ಮಾಡಿದೆ, ಅದರಿಂದ ಏನಾಯಿತು, ಇಷ್ಟು ಇರಲಿ. "ಮೋಟಾರ್ ಬಗ್ಗೆ ಜ್ಞಾನವಿದೆ" ಅನ್ನಬೇಡ. "ನಾಲ್ಕು ಬೇಸಿಗೆಯಲ್ಲಿ ಇಷ್ಟು ಪಂಪ್‌ಸೆಟ್ ಮೋಟಾರು ರಿವೈಂಡ್ ಮಾಡಿದ್ದೇನೆ, ಸುಡುವ ಕಾರಣಗಳನ್ನು ಪಟ್ಟಿ ಮಾಡಿದ್ದೇನೆ" ಅನ್ನು. ಗುಂಪಿನ ಪ್ರಾಜೆಕ್ಟಿನಲ್ಲಿ ನಿನ್ನ ಕೈಯ ಕೆಲಸ ಯಾವುದು ಅಂತ ಬೇರೆ ಮಾಡಿ ಬರೆ. ಗೊತ್ತಿಲ್ಲದ ಸಾಫ್ಟ್‌ವೇರಿನ ಹೆಸರು ಬರೆಯಲೇಬೇಡ. ಅಪ್ಪನ ಹೆಸರು, ಜಾತಿ, ಮದುವೆ ಬೇಡ. ಆದರೆ ಊರಿನ ಹೆಸರು ಇರಲಿ. ಅದಕ್ಕೆ ನಾಚಬೇಡ.

ಸುಳ್ಳು ಬರೆಯಬೇಡ ಅನ್ನೋದನ್ನು ನಾನು ನೀತಿಪಾಠವಾಗಿ ಹೇಳುವುದಿಲ್ಲ, ನರಗುಂದದ ಇತಿಹಾಸವಾಗಿ ಹೇಳುತ್ತೇನೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೋಡಿದರು. ಜಮೀನು ನೀರಾವರಿಯಾಗಿದೆ ಅಂತ ಅಭಿವೃದ್ಧಿ ಕರ ಕೇಳಿದರು. ನೀರು ಸರಿಯಾಗಿ ಬಾರದ ಹೊಲಕ್ಕೂ ಕರ ಯಾಕೆ ಅನ್ನೋದು ರೈತರ ತಕರಾರು. 1980ರ ಜುಲೈ 21ರಂದು ನರಗುಂದ ನವಲಗುಂದದಲ್ಲಿ ಗುಂಡು ಹಾರಿತು, ಜೀವಗಳು ಹೋದವು, ರಾಜ್ಯದ ರೈತ ಚಳವಳಿಯೇ ಅಲ್ಲಿಂದ ಎದ್ದು ನಿಂತಿತು. ಕಾಗದದ ಮೇಲೆ ಹರಿದ ನೀರಿಗೂ ಹೊಲದಲ್ಲಿ ಹರಿದ ನೀರಿಗೂ ಇರುವ ಅಂತರ ನಮ್ಮ ಜನರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಎಂಜಿನಿಯರ್ ಆಗಹೊರಟವರ ಮೊದಲ ಕಾಗದದಲ್ಲೇ ಆ ಅಂತರ ಇರಬಾರದು.

ಅದೇ ಮಲಪ್ರಭೆ ನರಗುಂದ, ರೋಣ ತಾಲೂಕುಗಳ ಅಂಚಿನಲ್ಲಿ ಹರಿದು, ಹೊಳೆಆಲೂರು ದಾಟಿ, ಪಟ್ಟದಕಲ್ಲಿನ ಗುಡಿಗಳ ಪಕ್ಕ ಹೋಗುತ್ತದೆ. ಅಲ್ಲಿ ಸರ್ವಸಿದ್ಧಿ ಆಚಾರಿಯ ಬಿರುದುಗಳಿವೆ, ಮೇಲೆ ಅವನ ಗುಡಿ ಇದೆ. ಎರಡೂ ಒಂದಕ್ಕೊಂದು ಸಾಕ್ಷಿ.

ಗೆಳೆಯರೇ, ಒಂದು ಕೋರಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಪ್ಪನದೋ ಅಜ್ಜನದೋ ಹಳೆಯ ನೌಕರಿ ಅರ್ಜಿಯ ಪ್ರತಿ ಇದ್ದರೆ ಎಸೆಯಬೇಡಿ. ಅದರ ಬಗ್ಗೆ ಬರೆಯಿರಿ. ರಾಜರ ಶಾಸನಗಳನ್ನು ಓದುವವರು ಇದ್ದಾರೆ. ಉಮೇದುವಾರರ ಕಾಗದಗಳನ್ನು ಓದುವವರು ನಾವೇ ಆಗಬೇಕು. ಮತ್ತೆ ನಿಮ್ಮ ಊರಿನ ಹುಡುಗರು ರೆಸ್ಯೂಮೆ ಕಳಿಸಿದರೆ ಇಂಗ್ಲಿಷ್ ತಿದ್ದುವ ಮುಂಚೆ ಒಂದು ಫೋನ್ ಮಾಡಿ, ರಜೆಯಲ್ಲಿ ಏನು ಮಾಡ್ತಿ ಅಂತ ಕೇಳಿ.